ಲಾವಣಿಯ ಕಾರು, ಜೋಡಿಯಿಲ್ಲದ ಗಾಲಿ

ಬೆಂಗಳೂರು, ಪುಣೆಗಳಲ್ಲಿ ನೌಕರಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ಸ್ವಂತ ಕಾರನ್ನು ಕೊಳ್ಳುವುದಿಲ್ಲ. ಅವರು ದುಡಿಯುವ ಕಂಪನಿಯೇ ಮತ್ತೊಂದು ಸಂಸ್ಥೆಯಿಂದ ಕಾರನ್ನು ಗುತ್ತಿಗೆಗೆ ಪಡೆದು ಇವರ ಕೈಗೆ ಕೊಡುತ್ತದೆ. ತಿಂಗಳ ಗುತ್ತಿಗೆಯ ಹಣ ಇವರ ಸಂಬಳದ ಲೆಕ್ಕದಲ್ಲಿಯೇ ಕಡಿತವಾಗುತ್ತದೆ. ಮೂರು ನಾಲ್ಕು ವರ್ಷಗಳ ಅವಧಿ ಮುಗಿದ ಮೇಲೆ ಕಾರನ್ನು ಹಿಂದಿರುಗಿಸಬೇಕು, ಇಲ್ಲವೇ ಉಳಿದ ಬೆಲೆಯನ್ನು ತೆತ್ತು ತಮ್ಮದಾಗಿಸಿಕೊಳ್ಳಬೇಕು. ಹೀಗೆ ಕಾರಿಗೆ ಒಡೆಯನೊಬ್ಬ, ಗುತ್ತಿಗೆದಾರನೊಬ್ಬ, ಓಡಿಸುವವನು ಮತ್ತೊಬ್ಬ. ಈ ಏರ್ಪಾಟಿನಲ್ಲಿ ತಪ್ಪೇನೂ ಇಲ್ಲ. ಆದರೆ ಮೂವರಿಗೆ ಸೇರಿದ ವಸ್ತುವನ್ನು ಕಾಯುವವರು ಯಾರು ಎಂಬ ಪ್ರಶ್ನೆ ಹಳೆಯದು, ಇನ್ನೂ ತೀರದೆ ಉಳಿದಿರುವಂಥದು. ಈ ಬಾರಿ ಅದು ಟೈರಿನ ರೂಪದಲ್ಲಿ ನನ್ನ ಮುಂದೆ ಬಂದಿತು. ಅದನ್ನು ಕುರಿತು ನಾಲ್ಕು ಮಾತು ಬರೆಯಬೇಕೆನಿಸಿದೆ.

ಕಳೆದ ಮಳೆಗಾಲದಲ್ಲಿ ಬೈಲಹೊಂಗಲಕ್ಕೆ ಬಂದಿದ್ದ ವಿದ್ಯಾರ್ಥಿಯೊಬ್ಬನ ಕಾರು ಇಂಥದೇ. ಹೆಚ್ಚು ಶಕ್ತಿಯ ಎಂಜಿನ್ನಿನ, ನೆಲಕ್ಕೆ ಅಂಟಿಕೊಂಡಂತೆ ನಿಲ್ಲುವ, ಕಂಡವರು ಒಮ್ಮೆ ತಿರುಗಿ ನೋಡುವಂಥ ವಾಹನ. ಮುಂದಿನ ಎರಡು ಟೈರುಗಳು ಒಂದೇ ಕಂಪನಿಯವು, ಅರ್ಧ ಸವೆದವು. ಹಿಂದಿನ ಎಡಗಡೆಯದು ಕಾರಿನೊಡನೆ ಬಂದ ಮೂಲ ಟೈರು, ಬಹಳಷ್ಟು ಸವೆದು ಎರಡು ಮಿಲಿಮೀಟರಿನಷ್ಟು ಮಾತ್ರ ಗೀರು ಉಳಿದಿತ್ತು. ಬಲಗಡೆಯದು ಬೇರೊಂದು ಕಂಪನಿಯ ಹೊಚ್ಚ ಹೊಸದು. ಕೇಳಿದರೆ, ಕೆಲವು ದಿನಗಳ ಹಿಂದೆ ರಾತ್ರಿ ಹೆದ್ದಾರಿಯ ಬದಿಯ ಗುಂಡಿಗೆ ಬಿದ್ದು ಟೈರು ಸೀಳಿತೆಂದೂ, ಹತ್ತಿರದ ಅಂಗಡಿಯಲ್ಲಿ ಆ ಅಳತೆಗೆ ಸಿಕ್ಕದ್ದನ್ನು ಹಾಕಿಸಿಕೊಂಡನೆಂದೂ ಹೇಳಿದ. ಅದನ್ನು ಯಾರೂ ತಪ್ಪೆನ್ನಲಾರರು. ನಡುರಾತ್ರಿಯಲ್ಲಿ ಹೆಂಡತಿ ಮಕ್ಕಳನ್ನು ರಸ್ತೆಯ ಮೇಲೆ ನಿಲ್ಲಿಸಿಕೊಂಡವನು ಕಂಪನಿಯ ಹೆಸರು ನೋಡುತ್ತ ಕೂಡಲಾಗದು.

ಊರು ಸೇರಿದ ಮೇಲಾದರೂ ಸರಿಪಡಿಸಬಹುದಿತ್ತಲ್ಲ ಎಂದೆ.

“ಸರ, ಗಾಡಿ ನಂದಲ್ಲ, ಕಂಪನೀದು. ಇನ್ನ ಎಂಟ ತಿಂಗಳಿಗೆ ವಾಪಸ್ ಕೊಡೂದೈತಿ. ಪತ್ರಾ ಬರದಿದ್ದೆ, ಇನ್ನೂ ಎರಡ ಮಿಲಿಮೀಟರ್ ಐತಿ, ಕಾಯ್ದೆಕ್ಕ ಸಾಕಾಗತೈತಿ, ಬದಲಿ ಮಾಡಾಂಗಿಲ್ಲ ಅಂದ್ರು. ನಾ ಯಾಕ ರೊಕ್ಕ ಹಾಕಲಿ?”

“ಗಾಡಿ ಕಂಪನೀದು ಖರೆ ತಮ್ಮಾ. ಒಳಗ ಕುಂತವರು ಯಾರ ಮಂದಿ?” ಎಂದು ಕೇಳಿದೆ. ಅವನು ಸುಮ್ಮನಾದ. ಆದರೆ ಸುಮ್ಮನಾಗಿಸುವುದು ಉತ್ತರವಲ್ಲ. ಅವನ ಪ್ರಶ್ನೆಯಲ್ಲಿ ನ್ಯಾಯವಿದೆ. ಅದಕ್ಕೆ ತಕ್ಕ ಉತ್ತರವನ್ನೇ ಕೊಡಬೇಕು.

ಮೊದಲು ವಸ್ತುವಿನ ವಿಚಾರ. ‘ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು’ ಎಂಬ ಗಾದೆಯನ್ನು ನೀವೆಲ್ಲರೂ ಬಲ್ಲಿರಿ. ಒಂದೇ ನೊಗಕ್ಕೆ ಕಟ್ಟಿದ ಎರಡರಲ್ಲಿ ಗುಣ ಬೇರೆಯಾದರೆ ಬಂಡಿ ಎತ್ತ ಹೋದೀತೆಂದು ಹೇಳಲು ಬಾರದು. ನಮ್ಮ ರೈತರು ಎತ್ತಿನ ಜೋಡಿಯನ್ನು ಕೂಡಿಸುವಾಗ ಬಣ್ಣ, ಕೊಂಬುಗಳ ಜೊತೆಗೆ ಎತ್ತರ, ನಡಿಗೆ, ವಯಸ್ಸು ಇವೆಲ್ಲವನ್ನೂ ನೋಡುತ್ತಿದ್ದುದು ಶೋಭೆಗಾಗಿ ಮಾತ್ರವಲ್ಲ. ಚಕ್ಕಡಿಯ ಗಾಲಿಗಳ ವಿಷಯದಲ್ಲಿಯೂ ಅಷ್ಟೇ. ಬಡಿಗನು ಎರಡು ಗಾಲಿಗಳನ್ನೂ ಒಂದೇ ಅಳತೆಗೆ ಕೂಡಿಸಿಯೇ ಮಾಡುತ್ತಿದ್ದನು. ಕಮ್ಮಾರನು ಕಬ್ಬಿಣದ ಹಳಿಯನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಗಾಲಿಗೆ ಏರಿಸಿ, ನೀರು ಸುರಿದು ಬಿಗಿಯುತ್ತಿದ್ದನು. ಇಂಗ್ಲಿಷಿನಲ್ಲಿ ಟೈರ್ ಎಂಬ ಹೆಸರು ಮೊದಲಿಗೆ ಇದ್ದುದು ಈ ಕಬ್ಬಿಣದ ಹಳಿಗೇ. ರಬ್ಬರಿಗೆ ಆ ಹೆಸರು ಆಮೇಲೆ ಬಂದಿತು.

ಗಾಳಿ ತುಂಬಿದ ರಬ್ಬರಿನ ಟೈರನ್ನು ರಾಬರ್ಟ್ ಥಾಮ್ಸನ್ 1845ರಲ್ಲಿಯೇ ಕಂಡುಹಿಡಿದು ಹಕ್ಕುಪತ್ರ ಪಡೆದಿದ್ದರೂ ಅದು ಬಳಕೆಗೆ ಬರಲಿಲ್ಲ. 1888ರಲ್ಲಿ ಬೆಲ್‌ಫಾಸ್ಟಿನಲ್ಲಿ ಪಶುವೈದ್ಯನಾಗಿದ್ದ ಜಾನ್ ಡನ್‌ಲಪ್ ತನ್ನ ಮಗನ ಮೂರುಗಾಲಿ ಸೈಕಲ್ಲಿಗಾಗಿ ಮತ್ತೆ ಅದನ್ನೇ ರೂಪಿಸಿದ ಮೇಲೆ ಜಗತ್ತು ಅದನ್ನು ಒಪ್ಪಿಕೊಂಡಿತು. 1946ರಲ್ಲಿ ಫ್ರಾನ್ಸಿನ ಮಿಶೆಲಿನ್ ಕಂಪನಿ ರೇಡಿಯಲ್ ಟೈರಿನ ಹಕ್ಕುಪತ್ರ ಪಡೆಯಿತು. ನಮ್ಮ ಸೀಮೆಯಲ್ಲಿ ಮರದ ಗಾಲಿಯ ಚಕ್ಕಡಿಗಳ ಪಕ್ಕದಲ್ಲಿ ಟಾಯರ್ ಗಾಡಿಗಳು ಬಂದಾಗ, ಎತ್ತುಗಳ ಹೆಗಲ ಮೇಲಿನ ಭಾರ ಎಷ್ಟು ಇಳಿಯಿತೆಂಬುದನ್ನು ಹಿರಿಯರು ಬಲ್ಲರು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ, ರಾಮದುರ್ಗ ತಾಲ್ಲೂಕಿನ ಗೊಡಚಿಯ ವೀರಭದ್ರೇಶ್ವರನ ಜಾತ್ರೆಗೆ ಚಕ್ಕಡಿ ಹೂಡುವ ಮುನ್ನ ಮನೆಯ ಹಿರಿಯರು ಗಾಲಿಗಳನ್ನು ಅಲುಗಿಸಿ ನೋಡಿ, ಅಚ್ಚಿಗೆ ಕೀಲೆಣ್ಣೆ ಹಚ್ಚಿ, ಆಮೇಲೆ ಬುತ್ತಿಯ ಗಂಟನ್ನು ಏರಿಸುತ್ತಿದ್ದರು. ದೇವರ ಮೇಲೆ ಭಾರ ಹಾಕುವುದು ಗಾಲಿ ನೋಡಿದ ನಂತರದ ಮಾತಾಗಿತ್ತು.

ಚಕ್ಕಡಿಯ ವೇಗ ಗಂಟೆಗೆ ಮೂರು ನಾಲ್ಕು ಕಿಲೋಮೀಟರು. ಕಿತ್ತೂರನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ, ನಾವು ಇಂದಿಗೂ ಎನ್‌ಎಚ್ ನಾಲ್ಕು ಎಂದೇ ಕರೆಯುವ ರಸ್ತೆಯಲ್ಲಿ, ಕಾರುಗಳು ನೂರರ ವೇಗದಲ್ಲಿ ಓಡುತ್ತವೆ. ಅಷ್ಟು ವೇಗದ ವಾಹನವು ನೆಲವನ್ನು ಮುಟ್ಟುವುದು ನಾಲ್ಕೇ ಕಡೆ, ಒಂದೊಂದು ಕಡೆಯೂ ಹೆಚ್ಚುಕಡಿಮೆ ಒಂದು ಅಂಗೈಯಷ್ಟು ಜಾಗದಲ್ಲಿ. ಎಂಜಿನ್ನಿನ ಶಕ್ತಿಯೆಲ್ಲವೂ, ಬ್ರೇಕಿನ ಬಲವೆಲ್ಲವೂ, ತಿರುವಿನಲ್ಲಿ ಚಾಲಕನ ಜಾಣ್ಮೆಯೆಲ್ಲವೂ ಆ ನಾಲ್ಕು ಅಂಗೈಗಳ ಮೂಲಕವೇ ನೆಲಕ್ಕೆ ತಲುಪಬೇಕು. ಅವುಗಳಲ್ಲಿ ಒಂದು ಒರಟು, ಒಂದು ನುಣುಪು ಆದರೆ ಏನಾಗುವುದೆಂದು ಊಹಿಸುವುದು ಕಷ್ಟವಲ್ಲ.

ಟೈರಿನ ಬದಿಯಲ್ಲಿ ಬರೆದಿರುವುದನ್ನು ಓದಲು ಕಲಿಯಿರಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಈ ಹುಡುಗನ ಕಾರಿನದು 225/45 ಆರ್ 17 91 ಡಬ್ಲ್ಯು. 225 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 45 ಎಂದರೆ ಬದಿಗೋಡೆಯ ಎತ್ತರ ಆ ಅಗಲದ ನೂರಕ್ಕೆ 45ರಷ್ಟು. ಆರ್ ಎಂದರೆ ರೇಡಿಯಲ್ ರಚನೆ. 17 ಎಂದರೆ ರಿಮ್ಮಿನ ವ್ಯಾಸ, ಅಂಗುಲದಲ್ಲಿ. 91 ಎಂಬುದು ಭಾರದ ಸಂಕೇತ. ಆ ಟೈರು 615 ಕಿಲೋಗ್ರಾಂ ಹೊರಬಲ್ಲದು. ಡಬ್ಲ್ಯು ಎಂಬುದು ವೇಗದ ಸಂಕೇತ. ಗಂಟೆಗೆ 270 ಕಿಲೋಮೀಟರಿನವರೆಗೆ ತಾಳಬಲ್ಲದು. ಇದೇ ಅಕ್ಷರ ಎಚ್ ಆದರೆ 210, ವಿ ಆದರೆ 240. ಇನ್ನು ಡಿಒಟಿ ಎಂಬ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಅಂಗಡಿಯಲ್ಲಿ ‘ಹೊಸದು’ ಎಂದು ಕೊಟ್ಟ ಟೈರು ಎಷ್ಟು ಹೊಸದೆಂಬುದನ್ನು ಈ ನಾಲ್ಕು ಅಂಕಿಗಳು ಸುಳ್ಳಿಲ್ಲದೆ ಹೇಳುತ್ತವೆ.

ನಮ್ಮ ಹುಡುಗನ ಹೊಸ ಟೈರಿನ ಮೇಲೆ ಡಬ್ಲ್ಯು ಬದಲು ಎಚ್ ಇತ್ತು. “ಇನ್ನೂರಾ ಹತ್ತರ ಮ್ಯಾಲ ಯಾರ ಓಡಸ್ತಾರ ಸರ?” ಎಂದು ಅವನು ನಕ್ಕ. ಮಾತು ನಿಜವೇ. 2018ರ ಕೇಂದ್ರ ಸರ್ಕಾರದ ಅಧಿಸೂಚನೆಯಲ್ಲಿ ಕಾರುಗಳಿಗೆ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ 120, ನಡುವೆ ವಿಭಜಕವಿರುವ ಚತುಷ್ಪಥದಲ್ಲಿ 100 ಎಂದು ಗರಿಷ್ಠ ವೇಗವನ್ನು ಗೊತ್ತುಪಡಿಸಲಾಯಿತು. ಆದರೆ ಆ ಅಕ್ಷರವು ವೇಗದ ಪರವಾನಗಿಯಲ್ಲ. ಹೆಚ್ಚಿನ ವೇಗದ ದರ್ಜೆಯ ಟೈರನ್ನು ಶಾಖವನ್ನು ತಾಳುವಂತೆ, ತಿರುವಿನಲ್ಲಿ ಬದಿಗೆ ಬಾಗದಂತೆ ಬಿಗಿಯಾಗಿ ಕಟ್ಟಿರುತ್ತಾರೆ. ಒಂದೇ ಅಚ್ಚಿನ ಒಂದು ತುದಿಯಲ್ಲಿ ಬಿಗಿಯಾದದ್ದು, ಇನ್ನೊಂದು ತುದಿಯಲ್ಲಿ ಸಡಿಲವಾದದ್ದು ಇದ್ದರೆ, ನೂರರ ವೇಗದಲ್ಲಿ ತಟ್ಟನೆ ದಾರಿ ಬದಲಿಸಬೇಕಾದಾಗ ಎರಡೂ ಒಂದೇ ಬಗೆಯಾಗಿ ವರ್ತಿಸುವುದಿಲ್ಲ. ಹೆಚ್ಚು ಶಕ್ತಿಯ ಕಾರುಗಳನ್ನು ರೂಪಿಸುವಾಗ ಅವುಗಳ ಸ್ಪ್ರಿಂಗು, ಬ್ರೇಕು, ಸ್ಟಿಯರಿಂಗುಗಳನ್ನೆಲ್ಲ ಒಂದು ದರ್ಜೆಯ ಟೈರಿಗೆ ಹೊಂದಿಸಿಯೇ ಕೂಡಿಸಿರುತ್ತಾರೆ. ಆದ್ದರಿಂದ ಸಾಧಾರಣ ಕಾರಿಗಿಂತ ಇಂಥ ಕಾರಿಗೆ ಜೋಡಿಯಿಲ್ಲದ ಟೈರು ಹೆಚ್ಚು ಅಪಾಯಕಾರಿ.

ಗಣಿತದ ಲೆಕ್ಕವೊಂದನ್ನು ಮಾಡೋಣ. ನನ್ನ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ರಿಮ್ಮಿನ ವ್ಯಾಸ 17 ಅಂಗುಲ, ಅಂದರೆ 431.8 ಮಿಲಿಮೀಟರು. 225ರ ನೂರಕ್ಕೆ 45 ಎಂದರೆ 101.25; ಮೇಲೆ ಕೆಳಗೆ ಎರಡು ಬಾರಿ ಕೂಡಿಸಿದರೆ 202.5. ಒಟ್ಟು ವ್ಯಾಸ 634.3 ಮಿಲಿಮೀಟರು. ಪರಿಧಿ ಸುಮಾರು 1993 ಮಿಲಿಮೀಟರು. ಹೊಸ ಕಾರಿನ ಟೈರಿನಲ್ಲಿ ಗೀರಿನ ಆಳ ಸುಮಾರು ಎಂಟು ಮಿಲಿಮೀಟರು ಇರುತ್ತದೆ. ಅದು ಸವೆದು ಎರಡಕ್ಕೆ ಇಳಿದರೆ ವ್ಯಾಸವು 12 ಮಿಲಿಮೀಟರು ಕಡಿಮೆಯಾಗಿ ಪರಿಧಿ ಸುಮಾರು 1955ಕ್ಕೆ ಇಳಿಯುತ್ತದೆ. ಒಂದು ಕಿಲೋಮೀಟರು ಓಡಲು ಹೊಸ ಗಾಲಿ 502 ಸುತ್ತು ಸುತ್ತಿದರೆ ಸವೆದ ಗಾಲಿ 511ಕ್ಕಿಂತ ಹೆಚ್ಚು ಸುತ್ತಬೇಕು. ಕಿಲೋಮೀಟರಿಗೆ ಹತ್ತು ಸುತ್ತಿನ ಅಂತರವೆಂದಿಟ್ಟುಕೊಳ್ಳಿ. ಕಿತ್ತೂರಿನಿಂದ ಬೆಳಗಾವಿಗೆ ಸುಮಾರು 50 ಕಿಲೋಮೀಟರು. ಅಷ್ಟು ಹೋಗುವುದರೊಳಗೆ ಒಂದು ಗಾಲಿ ಇನ್ನೊಂದಕ್ಕಿಂತ ಐನೂರು ಸುತ್ತು ಹೆಚ್ಚು ಸುತ್ತಿರುತ್ತದೆ.

ಇದು ಕಾಗದದ ಮೇಲಿನ ಲೆಕ್ಕ. ಭಾರ ಬಿದ್ದಾಗ ಸ್ವಲ್ಪ ವ್ಯತ್ಯಾಸವಾಗಬಹುದು. ಆದರೂ ಅದರ ತಿರುಳು ಸುಳ್ಳಲ್ಲ. ಚಕ್ಕಡಿಯಲ್ಲಿ ಎರಡು ಗಾಲಿಗಳೂ ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ತಿರುಗುತ್ತವೆ. ಒಂದು ಹೆಚ್ಚು ತಿರುಗಿದರೆ ಕೇಳುವವರಿಲ್ಲ. ಕಾರಿನಲ್ಲಿ ಹಾಗಲ್ಲ. ಎಂಜಿನ್ನು ಎಳೆಯುವ ಗಾಲಿಗಳ ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಗಾಲಿಗಳ ಕೂಟವಿದೆ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು, ಒಳಗಿನದು ಕಡಿಮೆ ಸುತ್ತಲೆಂದು ಮಾಡಿದ ಉಪಾಯವದು. ಅಲ್ಲಿ ಅಳತೆ ತಪ್ಪಿದ ಗಾಲಿಗಳಿದ್ದರೆ, ನೇರ ರಸ್ತೆಯಲ್ಲಿಯೂ ಅದಕ್ಕೆ ಬಿಡುವಿಲ್ಲ. ಇದಕ್ಕಿಂತ ಮುಖ್ಯವಾದ ಮಾತು ಮತ್ತೊಂದಿದೆ. ಇಂದಿನ ಕಾರುಗಳಲ್ಲಿ ಪ್ರತಿ ಗಾಲಿಯ ವೇಗವನ್ನು ಅಳೆಯುವ ಸಂವೇದಕಗಳಿವೆ. ಯಾವ ಗಾಲಿ ಜಾರುತ್ತಿದೆ, ಎಲ್ಲಿ ಬ್ರೇಕು ಬಿಡಬೇಕು, ಎಲ್ಲಿ ಹಿಡಿಯಬೇಕು ಎಂಬುದನ್ನು ಯಂತ್ರವು ಆ ಅಂಕಿಗಳನ್ನು ಹೋಲಿಸಿಯೇ ನಿರ್ಧರಿಸುತ್ತದೆ. ಒಂದು ಗಾಲಿಯ ಅಳತೆಯೇ ಬೇರೆಯಾದರೆ ಆ ಹೋಲಿಕೆಯಲ್ಲಿ ಮೊದಲೇ ಗೊಂದಲವುಂಟು. ಪರೀಕ್ಷೆಯಲ್ಲಿ ಇಬ್ಬರು ಮಕ್ಕಳಿಗೆ ಬೇರೆ ಬೇರೆ ಪ್ರಶ್ನೆಪತ್ರಿಕೆ ಕೊಟ್ಟು ಅಂಕಗಳನ್ನು ಹೋಲಿಸಿದಂತೆ ಅದು.

ಇನ್ನು ಮಳೆಯ ವಿಚಾರ. ಕಿತ್ತೂರು ಮಲೆನಾಡಿನ ಸೆರಗಿನಲ್ಲಿದೆ. ಮೃಗಶಿರಾ, ಆರಿದ್ರಾ ಮಳೆಗಳಲ್ಲಿ ಧಾರವಾಡದಿಂದ ಬೆಳಗಾವಿಯವರೆಗಿನ ರಸ್ತೆಯ ಮೇಲೆ ನೀರಿನ ಪದರವೇ ಹರಿಯುತ್ತದೆ. ಟೈರಿನ ಮೇಲಿನ ಗೀರುಗಳು ಅಂದಕ್ಕಾಗಿ ಕೊರೆದವುಗಳಲ್ಲ; ಆ ನೀರನ್ನು ಬದಿಗೆ ನೂಕಿ ರಬ್ಬರು ಡಾಂಬರನ್ನು ಮುಟ್ಟುವಂತೆ ಮಾಡುವ ಕಾಲುವೆಗಳು. ಕಾಲುವೆಯಲ್ಲಿ ಹೂಳು ತುಂಬಿದರೆ ಹೇಗೋ ಹಾಗೆ, ಗೀರು ಸವೆದರೆ ನೀರಿಗೆ ಹೋಗಲು ದಾರಿಯಿಲ್ಲ. ಟೈರು ನೀರಿನ ಮೇಲೆ ತೇಲುತ್ತದೆ. ಕಾರಿನ ಎಡಗಾಲಿ ತೇಲಿ, ಬಲಗಾಲಿ ನೆಲವನ್ನು ಕಚ್ಚಿ ಹಿಡಿದಾಗ ಬ್ರೇಕು ಹಾಕಿದರೆ ಕಾರು ತಿರುಗಿ ನಿಲ್ಲುತ್ತದೆ, ಇಲ್ಲವೇ ವಿಭಜಕವನ್ನು ಹಾಯುತ್ತದೆ. ಟೈರು ಹಿಂದಿನದಾದರೆ ಅಪಾಯ ಇನ್ನೂ ಹೆಚ್ಚು. ಮುಂದಿನ ಗಾಲಿ ಜಾರಿದರೆ ಚಾಲಕನಿಗೆ ಸ್ಟಿಯರಿಂಗಿನಲ್ಲಿಯೇ ಗೊತ್ತಾಗುತ್ತದೆ, ವೇಗ ತಗ್ಗಿಸುತ್ತಾನೆ. ಹಿಂದಿನದು ಜಾರಿದರೆ ಗೊತ್ತಾಗುವ ಹೊತ್ತಿಗೆ ಕಾರಿನ ಬಾಲವೇ ಮುಂದೆ ಬಂದಿರುತ್ತದೆ. ಆದ್ದರಿಂದಲೇ ಎರಡೇ ಹೊಸ ಟೈರು ಕೊಳ್ಳುವುದಾದರೆ ಅವುಗಳನ್ನು ಹಿಂದೆ ಹಾಕಿರೆಂದು ಟೈರು ತಯಾರಿಸುವವರು ಹೇಳುತ್ತಾರೆ. ನಮ್ಮಲ್ಲಿ ಬಹುಮಂದಿ ಮುಂದೆ ಹಾಕಿಸುತ್ತಾರೆ.

ಕಾಯ್ದೆಯ ಮಿತಿ 1.6 ಮಿಲಿಮೀಟರು ಎಂಬುದು ನಿಜ. ಗೀರಿನೊಳಗೆ ಅಲ್ಲಲ್ಲಿ ಸಣ್ಣ ದಿಣ್ಣೆಗಳಿರುತ್ತವೆ. ಬದಿಯಲ್ಲಿ ಟಿಡಬ್ಲ್ಯುಐ ಎಂಬ ಗುರುತಿನಿಂದ ಅವುಗಳನ್ನು ಹುಡುಕಬಹುದು. ಟೈರು ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದರೆ ಆಯುಷ್ಯ ತೀರಿತೆಂದು ತಿಳಿಯಬೇಕು. ಆದರೆ ಇದು ಹಿಂದೆ ಉತ್ತೀರ್ಣನಾಗಲು ಬೇಕಾಗಿದ್ದ 35 ಅಂಕಗಳಿದ್ದಂತೆ. 36 ಅಂಕ ಪಡೆದವನನ್ನು ಯಾರೂ ಅನುತ್ತೀರ್ಣನೆನ್ನುವುದಿಲ್ಲ. ಆದರೆ ಅವನಿಗೆ ವಿಷಯ ತಿಳಿದಿದೆಯೆಂದು ಪತ್ರ ಬರೆದುಕೊಡುವ ಶಿಕ್ಷಕನೂ ಇಲ್ಲ. ಕಂಪನಿಯ ಕಚೇರಿಯವರು 36 ಅಂಕವನ್ನು ತೋರಿಸಿ ಕೈ ತೊಳೆದುಕೊಂಡರು. ಅಲ್ಲದೆ ಅವರ ಉತ್ತರ ಸವಕಳಿಯನ್ನು ಮಾತ್ರ ಕುರಿತದ್ದು. ಜೋಡಿ ತಪ್ಪಿದ ಸಂಗತಿಯನ್ನು ಅದು ಮುಟ್ಟಿಯೇ ಇಲ್ಲ.

ಇಲ್ಲಿಂದ ಮುಂದಿನದು ಟೈರಿನ ಮಾತಲ್ಲ, ಮನುಷ್ಯರ ಮಾತು.

ನಮ್ಮ ಕಡೆ ಹೊಲವನ್ನು ಗೇಣಿಗೆ ಕೊಡುವುದನ್ನು ಲಾವಣಿಗೆ ಹಾಕುವುದು ಎನ್ನುತ್ತಾರೆ. ಹಾಡುವ ಲಾವಣಿ ಬೇರೆ, ಈ ಲಾವಣಿ ಬೇರೆ. ಬೈಲಹೊಂಗಲ, ಸವದತ್ತಿ ಸೀಮೆಯ ಎರೆಹೊಲಗಳನ್ನು ನೋಡಿದವರಿಗೆ ಒಂದು ಸಂಗತಿ ಗೊತ್ತು. ವರ್ಷ ವರ್ಷಕ್ಕೆ ಲಾವಣಿಗೆ ಬದಲಾಗುತ್ತಿದ್ದ ಹೊಲದ ಒಡ್ಡು ಒಡೆದಿರುತ್ತಿತ್ತು. ಲಾವಣಿದಾರನು, ‘ಬರುವ ವರ್ಷ ಈ ಹೊಲ ನನ್ನ ಕೈಯಲ್ಲಿರುವುದೋ ಇಲ್ಲವೋ, ನಾನೇಕೆ ಗೊಬ್ಬರ ಹಾಕಲಿ, ಒಡ್ಡು ಹಾಕಲಿ’ ಎನ್ನುತ್ತಿದ್ದನು. ಒಡೆಯನು, ‘ಉಳುವವನು ಅವನು, ಹಾಕಿಕೊಳ್ಳಲಿ’ ಎನ್ನುತ್ತಿದ್ದನು. ಇಬ್ಬರ ಮಾತಿನಲ್ಲಿಯೂ ತರ್ಕವಿತ್ತು. ಮಳೆ ಬಂದು ಮಣ್ಣನ್ನು ಹಳ್ಳಕ್ಕೆ ಒಯ್ಯುತ್ತಿತ್ತು. ದೇವರಾಜ ಅರಸು ಅವರ ಸರ್ಕಾರದ ಭೂಸುಧಾರಣೆ ತಿದ್ದುಪಡಿಯಂತೆ 1974ರ ಮಾರ್ಚ್ 1ರಂದು ಗೇಣಿಯ ಭೂಮಿಗಳು ಸರ್ಕಾರದಲ್ಲಿ ನಿಹಿತವಾಗಿ, ಮುಂದೆ ಉಳುವವರ ಹೆಸರಿಗೆ ಬರತೊಡಗಿದವು. ಉಳುವವನಿಗೆ ಹೊಲ ಸಿಗಬೇಕೆಂಬುದಕ್ಕೆ ನ್ಯಾಯವೇ ಮೊದಲ ಕಾರಣ. ಆದರೆ ತನ್ನದೆಂಬ ಭಾವ ಬಂದರೆ ನೆಲದ ಆರೈಕೆ ತಾನಾಗಿ ಆಗುತ್ತದೆಂಬ ತಿಳಿವಳಿಕೆಯೂ ಅದರ ಹಿಂದೆ ಇತ್ತು.

ಕಾರನ್ನು ಹೀಗೆ ಯಾರ ಹೆಸರಿಗೂ ಬರೆದುಕೊಡಲಾಗದು, ಕೊಡಬೇಕಾಗಿಯೂ ಇಲ್ಲ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಿ. ಒಡ್ಡು ಒಡೆದರೆ ಹಾಳಾಗುವುದು ಹೊಲ. ಲಾವಣಿದಾರನು ಬೇರೆ ಹೊಲ ನೋಡಿಕೊಳ್ಳಬಹುದು. ಟೈರು ಜಾರಿದರೆ ಹಾಳಾಗುವುದು ಕಾರು ಮಾತ್ರವಲ್ಲ. ಕಾರಿಗೆ ವಿಮೆಯಿದೆ, ಒಡೆಯನಿಗೆ ಬೆಲೆ ಸಿಗುತ್ತದೆ. ಒಳಗೆ ಕುಳಿತ ಮಗುವಿಗೆ, ಎದುರಿನಿಂದ ಬರುವ ಬೈಕಿನವನಿಗೆ ಬೆಲೆ ಕಟ್ಟುವವರು ಯಾರು? ವಸ್ತು ಪರರದೆಂಬ ಮಾತು ವಸ್ತುವಿನ ನಷ್ಟಕ್ಕೆ ಅನ್ವಯಿಸಬಹುದು, ಪ್ರಾಣದ ನಷ್ಟಕ್ಕೆ ಅನ್ವಯಿಸದು.

ಹಾಗಾದರೆ ಸಂಬಳದಾರನು ಸುಮ್ಮನೆ ತನ್ನ ಕಿಸೆಯಿಂದ ಕೊಡಬೇಕೇ? ಇಲ್ಲಿಯೇ ನಾನು ಅವನ ಪಕ್ಷ ವಹಿಸುತ್ತೇನೆ. ಪ್ರತಿ ತಿಂಗಳೂ ಗುತ್ತಿಗೆಯ ಹಣ ಕಡಿತವಾಗುತ್ತಿದೆ. ಕೆಲವು ಗುತ್ತಿಗೆಗಳಲ್ಲಿ ನಿರ್ವಹಣೆಯೂ ಟೈರೂ ಸೇರಿರುತ್ತವೆ, ಕೆಲವುಗಳಲ್ಲಿ ಇರುವುದಿಲ್ಲ. ಸೇರಿದ್ದರೆ ಅದು ಅವನು ಈಗಾಗಲೇ ಹಣ ಕೊಟ್ಟು ಕೊಂಡ ಸೇವೆ, ಬೇಡಿಕೊಳ್ಳಬೇಕಾದ ದಾನವಲ್ಲ. ಅದನ್ನು ಕೇಳದೆ ಬಿಡುವುದು ಔದಾರ್ಯವಲ್ಲ, ಅಲಸ್ಯ. ದೊಡ್ಡ ಸಂಸ್ಥೆಗಳು ಚಿಕ್ಕವರ ಈ ಅಲಸ್ಯದ ಮೇಲೆಯೇ ಉಳಿತಾಯ ಮಾಡುತ್ತವೆ. ಒಬ್ಬೊಬ್ಬರೂ ‘ಎಂಟು ತಿಂಗಳು ಹೇಗೋ ತಳ್ಳಿದರಾಯಿತು’ ಎಂದುಕೊಂಡರೆ, ಅಂಥ ಸಾವಿರ ಕಾರುಗಳು ರಸ್ತೆಯ ಮೇಲೆ ಓಡುತ್ತಿರುತ್ತವೆ. ಅವಧಿ ಮುಗಿದ ಕಾರುಗಳು ಹಳೆಯ ವಾಹನಗಳ ಮಾರುಕಟ್ಟೆಗೆ ಬರುತ್ತವೆ. ನಾಳೆ ನಮ್ಮ ರಾಮದುರ್ಗದ ಯಾವನೋ ಸಾಲ ಮಾಡಿ ಅದನ್ನೇ ಕೊಂಡು ಓಡಿಸಬಹುದು. ಸರಪಳಿಯ ಕೊನೆಯಲ್ಲಿ ಇರುವವನು ಯಾವಾಗಲೂ ಎಲ್ಲರಿಗಿಂತ ಬಡವನೇ.

ಆದ್ದರಿಂದ ನನ್ನ ಅಭಿಪ್ರಾಯವಿದು. ಮೊದಲು ಒಪ್ಪಂದವನ್ನು ಪೂರ್ತಿ ಓದಬೇಕು. ಸಹಿ ಹಾಕುವ ದಿನ ಓದಿರದಿದ್ದರೆ ಈಗ ಓದಬೇಕು. ಎರಡನೆಯದಾಗಿ, ಪತ್ರವನ್ನು ಮತ್ತೆ ಬರೆಯಬೇಕು, ಆದರೆ ಬೇರೆ ಆಧಾರದ ಮೇಲೆ. ‘ಟೈರು ಸವೆದಿದೆ’ ಎಂದು ಬರೆದರೆ ‘ಇನ್ನೂ ಮಿತಿಯೊಳಗಿದೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಬದಲಾಗಿ, ‘ಕಾರಿನ ಕೈಪಿಡಿಯಲ್ಲಿ ಡಬ್ಲ್ಯು ದರ್ಜೆಯ ಟೈರನ್ನು ವಿಧಿಸಲಾಗಿದೆ, ಈಗ ಹಿಂದಿನ ಅಚ್ಚಿನ ಮೇಲೆ ಒಂದು ಡಬ್ಲ್ಯು, ಒಂದು ಎಚ್ ಇದೆ, ಕಂಪನಿ ಬೇರೆ, ಮಾದರಿ ಬೇರೆ, ಗೀರಿನ ಆಳದಲ್ಲಿ ಆರು ಮಿಲಿಮೀಟರಿನ ಅಂತರವಿದೆ, ತಯಾರಕರ ಸೂಚನೆಗೆ ಹೊರತಾದ ಈ ಸ್ಥಿತಿಯಲ್ಲಿ ವಾಹನ ಬಳಸಬಹುದೆಂದು ದಯವಿಟ್ಟು ಲಿಖಿತವಾಗಿ ತಿಳಿಸಿ’ ಎಂದು ಬರೆಯಬೇಕು. ಜೊತೆಗೆ ನಾಲ್ಕು ಟೈರುಗಳ ಛಾಯಾಚಿತ್ರ, ಅಳತೆ, ದಿನಾಂಕ ಇರಬೇಕು. ‘ಬಳಸಬಹುದು’ ಎಂದು ಬರೆದು ಸಹಿ ಹಾಕುವ ಅಧಿಕಾರಿ ಸುಲಭವಾಗಿ ಸಿಗುವುದಿಲ್ಲ. ಮೂರನೆಯದಾಗಿ, ಉತ್ತರ ಬರುವವರೆಗೆ ಮಳೆಯಲ್ಲಿ ಹೆದ್ದಾರಿ ಪ್ರಯಾಣ ಬೇಡ. ಅನಿವಾರ್ಯವಾದರೆ ವೇಗ ತಗ್ಗಿರಲಿ. ನಾಲ್ಕನೆಯದಾಗಿ, ಒಂದು ಗಡುವು ಇಟ್ಟುಕೊಳ್ಳಬೇಕು. ಹದಿನೈದು ದಿನಗಳಲ್ಲಿ ಉತ್ತರ ಬಾರದಿದ್ದರೆ ಸ್ವಂತ ಹಣದಿಂದ ಹಾಕಿಸಿ, ರಸೀದಿ ಸಮೇತ ಹಣ ಕೇಳಬೇಕು. ಹಣದ ಜಗಳವನ್ನು ತಿಂಗಳುಗಟ್ಟಲೆ ನಡೆಸಬಹುದು. ಗಾಲಿಯನ್ನು ಅಲ್ಲಿಯವರೆಗೆ ಕಾಯಿಸಬಾರದು.

ನಾಲ್ಕೂ ಟೈರುಗಳನ್ನು ಬದಲಿಸಬೇಕೆಂದು ಅಂಗಡಿಯವರು ಹೇಳುತ್ತಾರೆ. ಎಲ್ಲ ಕಾಲಕ್ಕೂ ಅದು ಬೇಕಾಗಿಲ್ಲ. ಈ ಕಾರಿನ ಮುಂದಿನ ಜೋಡಿ ಚೆನ್ನಾಗಿಯೇ ಇತ್ತು. ಅದೇ ಕಂಪನಿಯ, ಅದೇ ಮಾದರಿಯ, ಅದೇ ದರ್ಜೆಯ ಎರಡು ಹೊಸ ಟೈರುಗಳನ್ನು ಹಿಂದೆ ಹಾಕಿಸಿದರೆ ನಾಲ್ಕೂ ಒಂದೇ ಕುಲದವಾಗುತ್ತವೆ. ನಾಲ್ಕು ಗಾಲಿಗಳಿಗೂ ಎಂಜಿನ್ನಿನ ಎಳೆತವಿರುವ ಕಾರುಗಳ ಮಾತು ಬೇರೆ. ಅಲ್ಲಿ ನಾಲ್ಕರ ಸವಕಳಿಯೂ ಹತ್ತಿರ ಹತ್ತಿರ ಇರಬೇಕೆಂದು ಕೈಪಿಡಿಗಳು ಹೇಳುತ್ತವೆ. ಟೈರು ಹಾಕಿಸಿದ ದಿನವೇ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮಾಡಿಸಬೇಕು. ಗಾಳಿಯನ್ನು ಟೈರು ತಣ್ಣಗಿರುವಾಗ ನೋಡಿಸಬೇಕು. ಬದಿಗೋಡೆ ಗಿಡ್ಡದಾದ ಇಂಥ ಟೈರುಗಳಿಗೆ ಗುಂಡಿಯೇ ಶತ್ರು. ನಮ್ಮ ತಾಲ್ಲೂಕಿನ ಊರುಗಳಲ್ಲಿ ಈ ಅಳತೆಯವು ಸುಲಭವಾಗಿ ಸಿಗುವುದಿಲ್ಲ. ಹುಬ್ಬಳ್ಳಿಯಿಂದಲೋ ಬೆಳಗಾವಿಯಿಂದಲೋ ತರಿಸಬೇಕು. ಇದನ್ನರಿತು ಹೊರಡುವ ಮುನ್ನವೇ ಸ್ಟೆಪ್ನಿಯನ್ನು ನೋಡಿಕೊಳ್ಳುವುದು ಲೇಸು. ಈ ಸ್ಟೆಪ್ನಿ ಎಂಬ ಹೆಸರು ಬಂದದ್ದು ವೇಲ್ಸ್ ದೇಶದ ಲ್ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಿಂದ. ಅಲ್ಲಿಯ ಸೋದರರಿಬ್ಬರು 1904ರಲ್ಲಿ ಬದಲಿ ಗಾಲಿಯನ್ನು ತಯಾರಿಸಲಾರಂಭಿಸಿದರು. ಈಚಿನ ಕೆಲವು ಕಾರುಗಳ ಸ್ಟೆಪ್ನಿ ಸಣಕಲಾಗಿದ್ದು, ಅದರ ಮೇಲೆ ಗಂಟೆಗೆ 80 ಕಿಲೋಮೀಟರಿನ ಮಿತಿ ಬರೆದಿರುತ್ತದೆ. ಅದು ಅಂಗಡಿ ಸೇರುವವರೆಗಿನ ಊರುಗೋಲು, ಕಾಲಲ್ಲ.

ಪರರ ವಸ್ತುವನ್ನು ಲೆಕ್ಕವಿಟ್ಟು ಕಾಯಲು ಸಾಧ್ಯವೇ ಇಲ್ಲವೆನ್ನುವವರು ನಮ್ಮ ಸಾರಿಗೆ ಸಂಸ್ಥೆಯ ಬಸ್ ಡಿಪೋಗಳನ್ನು ನೋಡಬೇಕು. 1997ರಲ್ಲಿ ಪ್ರತ್ಯೇಕವಾದ, ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯುಳ್ಳ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸುಗಳು ಚಾಲಕನವಲ್ಲ, ಮೇಸ್ತ್ರಿಯವಲ್ಲ. ಆದರೂ ಸಾರಿಗೆ ಸಂಸ್ಥೆಗಳಲ್ಲಿ ಟೈರಿಗೆ ಸಂಖ್ಯೆಯಿದೆ, ಓಡಿದ ದೂರದ ಲೆಕ್ಕವಿದೆ, ಸವೆದ ಮೇಲೆ ರೀಟ್ರೆಡ್ ಮಾಡಿಸುವ ವ್ಯವಸ್ಥೆಯಿದೆ. ಬಸ್ಸಿನ ಹಿಂದೆ ಒಂದೊಂದು ಬದಿಗೆ ಎರಡೆರಡು ಗಾಲಿಗಳಿರುತ್ತವೆ. ಆ ಜೋಡಿಯಲ್ಲಿ ಒಂದು ಹೊಸದು, ಒಂದು ಸವೆದದ್ದಾದರೆ ದೊಡ್ಡದರ ಮೇಲೆಯೇ ಭಾರವೆಲ್ಲ ಬಿದ್ದು ಅದು ಕಾಯ್ದು ಒಡೆಯುತ್ತದೆ. ಆದ್ದರಿಂದ ಅಳತೆ ನೋಡಿ ಜೋಡಿ ಕೂಡಿಸುವುದು ಟೈರು ವಿಭಾಗದ ಕೆಲಸದ ಮೊದಲ ಪಾಠ. ಈ ಶಿಸ್ತು ಒಡೆತನದಿಂದ ಬಂದದ್ದಲ್ಲ, ಹೊಣೆಯನ್ನು ಒಬ್ಬರ ಹೆಸರಿಗೆ ಬರೆದಿಟ್ಟಿದ್ದರಿಂದ ಬಂದದ್ದು. ಇದಕ್ಕೆ ತದ್ವಿರುದ್ಧವಾದ ದೃಶ್ಯವೂ ನಮ್ಮಲ್ಲಿಯೇ ಇದೆ. ಕಬ್ಬಿನ ಹಂಗಾಮಿನಲ್ಲಿ ಎಂ.ಕೆ. ಹುಬ್ಬಳ್ಳಿಯ ದಿಕ್ಕಿಗೆ ಸಾಲಾಗಿ ಹೋಗುವ ಟ್ರ್ಯಾಕ್ಟರಿನ ಟ್ರೇಲರುಗಳ ಗಾಲಿಗಳನ್ನು ಒಮ್ಮೆ ನೋಡಿ. ಬೋಳು ಟೈರೊಂದು, ತೇಪೆ ಹಾಕಿದ್ದೊಂದು, ಹಿಂದೆ ದೀಪವಿಲ್ಲ. ಟ್ರೇಲರು ಒಬ್ಬರದು, ಟ್ರ್ಯಾಕ್ಟರು ಒಬ್ಬರದು, ಕಬ್ಬು ಮತ್ತೊಬ್ಬರದು. ಮೂವರಲ್ಲಿ ಯಾರನ್ನು ಕೇಳಿದರೂ ಇನ್ನೊಬ್ಬರ ಕಡೆ ಕೈ ತೋರುತ್ತಾರೆ. ಲಕ್ಷಗಟ್ಟಲೆ ಬೆಲೆಯ ಕಾರಿನ ಕಥೆಯೂ ಇದಕ್ಕಿಂತ ಬೇರೆಯಲ್ಲ. ಬಣ್ಣ ಮಾತ್ರ ಬೇರೆ.

ಆ ಹುಡುಗ ಬೆಂಗಳೂರಿಗೆ ಮರಳಿ ಎರಡನೆಯ ಪತ್ರ ಬರೆದ. ಬಹಳ ಮಾತುಕತೆಯ ನಂತರ ಒಂದು ಟೈರಿನ ಹಣವನ್ನು ಕೊಡಲು ಅವರು ಒಪ್ಪಿದರು. ಗುಂಡಿಗೆ ಬಿದ್ದು ಸೀಳಿದ್ದು ಸವಕಳಿಯಲ್ಲವಾದ್ದರಿಂದ ಎರಡನೆಯದನ್ನು ಕೊಡಲಾಗದೆಂದರು. ಅದನ್ನು ಅವನೇ ತೆತ್ತ. ಪೂರ್ತಿ ನ್ಯಾಯವಾಯಿತೆಂದು ನಾನು ಹೇಳಲಾರೆ. ಆದರೆ ಅವನು ಮಾಡಿದ್ದು ಸರಿಯೆಂದು ಹೇಳಬಲ್ಲೆ. ಹಿಂದಿರುಗಿಸಬೇಕಾದ ಕಾರಿಗೆ ಹಾಕಿದ ಹಣ ವ್ಯರ್ಥವೆಂದು ಅವನ ಗೆಳೆಯರು ನಕ್ಕರಂತೆ. ಆ ಎಂಟು ತಿಂಗಳುಗಳಲ್ಲಿ ಅವನ ಮಕ್ಕಳು ಎಷ್ಟು ಬಾರಿ ಅದರಲ್ಲಿ ಕುಳಿತು ಅಜ್ಜಿಯ ಮನೆಗೆ ಬರುತ್ತಾರೆಂಬುದನ್ನು ಲೆಕ್ಕ ಹಾಕಿದರೆ, ಒಂದು ಪಯಣಕ್ಕೆ ಬೀಳುವ ವೆಚ್ಚ ದಾರಿಯ ಟೋಲಿಗಿಂತ ಬಹಳ ಹೆಚ್ಚಾಗದು.

ನಿಮ್ಮಲ್ಲಿ ಹಲವರು ಹಬ್ಬಕ್ಕೆ, ಜಾತ್ರೆಗೆ ಊರಿಗೆ ಬರುವವರು. ಕಾರು ನಿಮ್ಮದಿರಲಿ, ಕಂಪನಿಯದಿರಲಿ, ಬಾಡಿಗೆಯದಿರಲಿ, ಹೊರಡುವ ಹಿಂದಿನ ದಿನ ಹಗಲು ಬೆಳಕಿನಲ್ಲಿ ಒಮ್ಮೆ ಸುತ್ತು ಹಾಕಿ. ನಾಲ್ಕು ಟೈರುಗಳ ಹೆಸರು, ಅಳತೆ, ಅಕ್ಷರ, ಇಸವಿಗಳನ್ನು ಓದಿ. ಗೀರಿನೊಳಗಿನ ದಿಣ್ಣೆಯನ್ನು ಬೆರಳಿನಿಂದ ಮುಟ್ಟಿ ನೋಡಿ. ಬದಿಯಲ್ಲಿ ಉಬ್ಬು, ಸೀಳು ಇದೆಯೇ ಪರೀಕ್ಷಿಸಿ. ಮಕ್ಕಳನ್ನು ಜೊತೆಗೆ ಕರೆದುಕೊಂಡೇ ಇದನ್ನು ಮಾಡಿ. ವ್ಯಾಸ, ಪರಿಧಿಗಳ ಪಾಠ ಅವರಿಗೂ ಆಗಲಿ. ಹತ್ತು ನಿಮಿಷದ ಕೆಲಸ. ಜೋಡಿ ತಪ್ಪಿದ್ದು ಕಂಡರೆ ಅಂದೇ ಪತ್ರ ಬರೆಯಿರಿ.

ಎಲ್ಲರಿಗೂ ಒಳಿತಾಗಲಿ. ಸುಖವಾಗಿ ಬನ್ನಿ.